ಕಪ್ಪು ಹಾಳೆಯ ಮೇಲೆ ಬಿಳಿ ಮಚ್ಚೆ: ಕೈಮುದ್ರಣದ ಎರಡು ಪ್ರತಿಗಳ ಪ್ರಕರಣ

ಪ್ರಕರಣ ಮಂಗಳೂರಿನದು. ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರ ಮನೆಯಲ್ಲಿ ಚೆನ್ನೈನ ತಾರಾ ಬುಕ್ಸ್ ಹೊರತಂದ ಕೈಮುದ್ರಣದ ಚಿತ್ರಪುಸ್ತಕಗಳು 14 ಇವೆ. ಅವುಗಳಲ್ಲಿ 'ದಿ ನೈಟ್ ಲೈಫ್ ಆಫ್ ಟ್ರೀಸ್' ಪುಸ್ತಕದ ಪ್ರತಿಗಳೇ ಎರಡು. ಒಂದನ್ನು ಕೆಲವು ವರ್ಷಗಳ ಹಿಂದೆ ಹೊಸದಾಗಿ ಕೊಂಡದ್ದು. ಇನ್ನೊಂದನ್ನು ಜುಲೈಯಲ್ಲಿ ಹಳೆ ಪುಸ್ತಕದ ಮಾರಾಟಗಾರರೊಬ್ಬರಿಂದ ಆನ್‌ಲೈನ್ ಮೂಲಕ ತರಿಸಿದ್ದು. 'ಮೊದಲ ಮುದ್ರಣ, 2006, ಈಗ ಎಲ್ಲೂ ಸಿಗುವುದಿಲ್ಲ' ಎಂಬ ವಿವರಣೆಗೆ ಹೊಸ ಪ್ರತಿಯ ಮೂರು ಪಟ್ಟು ಬೆಲೆ ಕೊಟ್ಟಿದ್ದರು. ಆಗಸ್ಟ್ ಮಧ್ಯದಲ್ಲಿ ಕಪಾಟು ತೆರೆದಾಗ ಎರಡೂ ಪ್ರತಿಗಳ ಕಪ್ಪು ಪುಟಗಳ ಮೇಲೆ ಬಿಳಿ ಮಚ್ಚೆ ಕಾಣಿಸಿತು.

ಅವರು ನಮ್ಮ ಮುಂದಿಟ್ಟ ಪ್ರಶ್ನೆಗಳು ಮೂರು. ದುಬಾರಿ ಪ್ರತಿ ನಿಜಕ್ಕೂ ಮೊದಲ ಮುದ್ರಣವೇ? ಮಚ್ಚೆ ಬೂಷ್ಟೇ, ಹೌದಾದರೆ ತೆಗೆಯಬಹುದೇ? ವರ್ಷಕ್ಕೆ 30 ಸಾವಿರ ರೂಪಾಯಿ ತೆಗೆದಿಟ್ಟಿದ್ದಾರೆ, ಮುಗಿದುಹೋಗುತ್ತಿರುವ ಶೀರ್ಷಿಕೆಗಳನ್ನು ಯಾವ ಕ್ರಮದಲ್ಲಿ ಕೊಳ್ಳಬೇಕು?

ಪುಸ್ತಕ ಎಂಥದ್ದು

ತಾರಾ ಬುಕ್ಸ್ ಶುರುವಾದದ್ದು 1994ರಲ್ಲಿ, ಗೀತಾ ವುಲ್ಫ್ ಅವರಿಂದ. ಅವರ ಕೈಮುದ್ರಣದ ಪುಸ್ತಕಗಳು ಚೆನ್ನೈನಲ್ಲಿ ಸಿ. ಆರುಮುಗಂ ನಡೆಸುವ ಎ.ಎಂ.ಎಂ. ಸ್ಕ್ರೀನ್ಸ್ ಕಾರ್ಯಾಗಾರದಲ್ಲಿ ತಯಾರಾಗುತ್ತವೆ. 'ದಿ ನೈಟ್ ಲೈಫ್ ಆಫ್ ಟ್ರೀಸ್' 2006ರಲ್ಲಿ ಬಂತು. ಮಧ್ಯ ಭಾರತದ ಗೊಂಡ ಬುಡಕಟ್ಟಿನ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್‌ಸಿಂಗ್ ಉರ್ವೇತಿ ಮೂವರೂ ಸೇರಿ ಮಾಡಿದ ಮರಗಳ ಚಿತ್ರಗಳು ಅದರಲ್ಲಿವೆ. 2008ರಲ್ಲಿ ಮಕ್ಕಳ ಪುಸ್ತಕಗಳಿಗೆ ಇಟಲಿಯಲ್ಲಿ ಕೊಡುವ ಬೊಲೋನ್ಯಾ ರಗಾಝಿ ಪ್ರಶಸ್ತಿಯ 'ನ್ಯೂ ಹೊರೈಜನ್ಸ್' ವಿಭಾಗದ ಗೌರವ ಇದಕ್ಕೆ ಸಂದಿತು. ಭಜ್ಜು ಶ್ಯಾಮ್ ಅವರಿಗೆ 2018ರಲ್ಲಿ, ದುರ್ಗಾಬಾಯಿ ವ್ಯಾಮ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಹಳೆ ಪ್ರತಿಗಳಿಗೆ ಮಾರುವವರು ಹೇಳುವ ಬೆಲೆ ಏರುತ್ತದೆ, ಆ ಬೆಲೆಗೆ ಮಾರಾಟ ಆಗುತ್ತದೋ ಇಲ್ಲವೋ ಬೇರೆ ಮಾತು.

ಕಾಗದ ಕೈಯಲ್ಲಿ ಮಾಡಿದ್ದು, ಕಪ್ಪು ಬಣ್ಣದ್ದು. ಮುದ್ರಣ ಸಿಲ್ಕ್ ಸ್ಕ್ರೀನ್, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಶಾಯಿ ಒತ್ತುವುದು. ನಮ್ಮ ಊರುಗಳಲ್ಲಿ ಮದುವೆ ಕಾಗದ ಅಚ್ಚು ಹಾಕುತ್ತಿದ್ದ ಸ್ಕ್ರೀನ್ ಪ್ರಿಂಟಿಂಗ್ ವಿಧಾನವೇ ಇದು. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಒಂದೊಂದು ಸಲ ಸ್ಕ್ವೀಜಿ (ಶಾಯಿ ಎಳೆಯುವ ರಬ್ಬರ್ ಪಟ್ಟಿ) ಎಳೆತ, ನಡುವೆ ಹಾಳೆಗಳನ್ನು ಚೌಕಟ್ಟಿನಲ್ಲಿ ಹರಡಿ ಒಣಗಿಸುವುದು. ಮೂರು ಬಣ್ಣದ ಪುಟವೆಂದರೆ ಅದೇ ಹಾಳೆ ಮೂರು ಸಲ ಮುದ್ರಕರ ಕೈಗೆ ಬರುತ್ತದೆ. ಆಮೇಲೆ ಕೈಹೊಲಿಗೆ, ರಟ್ಟು, ಕೊನೆಗೆ ಕೈಯಲ್ಲೇ ಬರೆದ ಪ್ರತಿ ಸಂಖ್ಯೆ. ಹೀಗಾಗಿ ಒಂದು ಸಲಕ್ಕೆ ಕೆಲವೇ ಸಾವಿರ ಪ್ರತಿ, ಅದಕ್ಕೂ ತಿಂಗಳುಗಟ್ಟಲೆ ಸಮಯ.

'ಮುಗಿದಿದೆ' ಎನ್ನುವುದರಲ್ಲಿ ಎರಡು ಬಗೆ

ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾದ ಪುಸ್ತಕ ಮುಗಿದರೆ ಪ್ರಕಾಶಕರು ಫೈಲ್ ತೆಗೆದು ಮತ್ತೆ ಅಚ್ಚು ಹಾಕಿಸುತ್ತಾರೆ, ಎರಡೂ ಮುದ್ರಣ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಕೈಮುದ್ರಣದಲ್ಲಿ ಹಾಗಲ್ಲ. ಕೆಲಸ ಮುಗಿದ ಸ್ಕ್ರೀನಿನ ಎಮಲ್ಷನ್ (ಚಿತ್ರದ ಅಚ್ಚು ಹಿಡಿದಿಡುವ ಲೇಪ) ತೊಳೆದು ಅದೇ ಚೌಕಟ್ಟನ್ನು ಬೇರೆ ಪುಟಕ್ಕೆ ಬಳಸುವುದು ಈ ಕಸುಬಿನ ರೂಢಿ. ಮರುಮುದ್ರಣ ಎಂದರೆ ಸ್ಕ್ರೀನ್ ಹೊಸದು, ಕಲಸಿದ ಬಣ್ಣ ಹೊಸದು, ಕಾಗದದ ಹದವೂ ಹೊಸದು. ಹಸಿರು ಒಂದು ಛಾಯೆ ಹಳದಿಯತ್ತ ಸರಿದಿರುತ್ತದೆ, ಕಪ್ಪು ಕೊಂಚ ಕಂದಾಗಿರುತ್ತದೆ. ಸಂಗ್ರಾಹಕರ ಮಟ್ಟಿಗೆ ಪ್ರತಿ ಮುದ್ರಣವೂ ಬೇರೆ ವಸ್ತು.

ಆದ್ದರಿಂದ 'ಪ್ರತಿಗಳು ಇಲ್ಲ' ಎಂಬ ಮಾತು ಕೇಳಿದಾಗ ಮೊದಲು ಬಿಡಿಸಿ ನೋಡಬೇಕು. ಇಡೀ ಶೀರ್ಷಿಕೆಯನ್ನೇ ಪ್ರಕಾಶಕರು ಕೈಬಿಟ್ಟಿದ್ದಾರೆಯೇ, ಅಥವಾ ಒಂದು ಮುದ್ರಣ ಮುಗಿದು ಮುಂದಿನದು ಸರದಿಯಲ್ಲಿದೆಯೇ? ಎರಡನೆಯದೇ ಹೆಚ್ಚು. ಸರದಿಯ ನಡುವಿನ ಆ ಆರೇಳು ತಿಂಗಳಲ್ಲೇ ಹಳೆ ಪ್ರತಿಗಳಿಗೆ 'ಅಪರೂಪ' ಎಂಬ ಪಟ್ಟಿ ಹಚ್ಚುವುದು. ಪ್ರಕಾಶಕರಿಗೆ ಒಂದು ಸಾಲಿನ ಇಮೇಲ್ ಹಾಕಿದರೆ ವಿಷಯ ತಿಳಿಯುತ್ತದೆ: 'ಈ ಪುಸ್ತಕದ ಮರುಮುದ್ರಣ ಇದೆಯೇ, ಇದ್ದರೆ ಯಾವ ತಿಂಗಳಿಗೆ?' ಶಿಕ್ಷಕರು ಅದನ್ನು ಕೇಳಿರಲಿಲ್ಲ. ಮೂರು ಪಟ್ಟು ಬೆಲೆಗೆ ಕಾರಣ ಅಲ್ಲಿಂದಲೇ ಶುರು.

ಮೊದಲ ಮುದ್ರಣವೇ ಎಂಬ ಪರೀಕ್ಷೆ

ಮಾರಾಟಗಾರರು ಕೊಟ್ಟ ಆಧಾರ ಎರಡು: ಹಕ್ಕುಸ್ವಾಮ್ಯದ ಸಾಲಿನಲ್ಲಿ 2006 ಎಂದಿದೆ, ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಹೊಂದುತ್ತದೆ. ಎರಡೂ ಏನನ್ನೂ ಸಾಬೀತು ಮಾಡುವುದಿಲ್ಲ. ಹಕ್ಕುಸ್ವಾಮ್ಯದ ವರ್ಷ ಎಷ್ಟನೇ ಮುದ್ರಣದಲ್ಲೂ ಹಾಗೆಯೇ ಉಳಿಯುತ್ತದೆ. ಬರಿಯ ಮರುಮುದ್ರಣಕ್ಕೆ ಐಎಸ್‌ಬಿಎನ್ ಬದಲಾಗುವುದಿಲ್ಲ. ಆನ್‌ಲೈನ್ ಪಟ್ಟಿಗಳಲ್ಲಿ ಐಎಸ್‌ಬಿಎನ್ ಹಾಕಿದ ಕೂಡಲೇ ಫೋಟೊ ತಾನಾಗಿ ಬಂದು ಕೂರುತ್ತದೆ, ಅದು ಮಾರುವವರ ಕೈಯಲ್ಲಿರುವ ಪ್ರತಿಯದ್ದೇ ಆಗಬೇಕೆಂದಿಲ್ಲ. ಈ ಪುಸ್ತಕದಲ್ಲಂತೂ ಇದು ದೊಡ್ಡ ತೊಡಕು, ಏಕೆಂದರೆ ಮುದ್ರಣದಿಂದ ಮುದ್ರಣಕ್ಕೆ ರಟ್ಟಿನ ಮೇಲಿನ ಮರದ ಚಿತ್ರ ಬದಲಾಗಿದೆ. ಜಪಾನೀ ಆವೃತ್ತಿ ಕೂಡ ಮುದ್ರಣಕ್ಕೊಂದು ಹೊದಿಕೆ ಎಂದೇ ಹೆಸರಾದದ್ದು. ಪಟ್ಟಿಯ ಫೋಟೊದಲ್ಲಿದ್ದ ಮರ ಒಂದು, ಮಂಗಳೂರಿಗೆ ಬಂದ ಪ್ರತಿಯ ಮೇಲಿದ್ದ ಮರ ಇನ್ನೊಂದು.

ನೋಡಬೇಕಾದ್ದು ಮುದ್ರಣ ವಿವರಗಳ ಪುಟ. ಅಲ್ಲಿ ಎಷ್ಟನೇ ಮುದ್ರಣ, ಯಾವ ವರ್ಷ ಎಂಬ ಸಾಲು ಇದೆಯೇ? ಕೈಬರಹದ ಪ್ರತಿ ಸಂಖ್ಯೆ ಎಷ್ಟು, ಅದು ಎಷ್ಟು ಪ್ರತಿಗಳಲ್ಲಿ ಎಷ್ಟನೆಯದು? ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಸಂಖ್ಯೆ ಚಿಕ್ಕದಾದರೆ ಪ್ರತಿ ಹಳೆಯದು ಎಂದು ಅನೇಕರು ಎಣಿಸುತ್ತಾರೆ. ಪ್ರತಿ ಮುದ್ರಣಕ್ಕೂ ಎಣಿಕೆ ಹೊಸದಾಗಿ ಶುರುವಾದರೆ ಐದನೇ ಮುದ್ರಣದಲ್ಲೂ 12ನೇ ಪ್ರತಿ ಇರುತ್ತದೆ. ಸಂಖ್ಯೆಯನ್ನು ಮುದ್ರಣದ ಸಾಲಿನ ಜೊತೆಗೇ ಓದಬೇಕು, ಬಿಡಿಯಾಗಿ ಓದಿದರೆ ಅರ್ಥವಿಲ್ಲ. ಶಿಕ್ಷಕರ ದುಬಾರಿ ಪ್ರತಿಯಲ್ಲಿ ಸಂಖ್ಯೆ ನೂರರೊಳಗೆ ಇತ್ತು, ಮುದ್ರಣದ ಸಾಲು ಮಾತ್ರ ಅದು ಮರುಮುದ್ರಣ ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಮಾರಾಟಗಾರರು ಮೋಸ ಮಾಡಿದರು ಎನ್ನುವುದಕ್ಕಿಂತ ಆ ಪುಟವನ್ನು ಓದಲಿಲ್ಲ ಎನ್ನುವುದೇ ಸರಿ. ಹಳೆ ಪುಸ್ತಕದ ವ್ಯಾಪಾರದಲ್ಲಿ ಇದು ದಿನನಿತ್ಯದ ಸಂಗತಿ.

ಕೊಳ್ಳುವ ಮೊದಲೇ ಕೇಳಬೇಕಾದ ಫೋಟೊಗಳು ನಾಲ್ಕು: ಮುಂದಿನ ರಟ್ಟು, ಮುದ್ರಣ ವಿವರದ ಪುಟ, ಪ್ರತಿ ಸಂಖ್ಯೆ, ನಡುವಿನ ಯಾವುದಾದರೂ ಒಂದು ಜೋಡಿ ಪುಟ. ಕೊನೆಯದನ್ನು ಓರೆ ಬೆಳಕಿನಲ್ಲಿ ತೆಗೆಸಿಕೊಳ್ಳಬೇಕು. ಟಾರ್ಚನ್ನು ಪುಟದ ಅಂಚಿನಿಂದ ಅಡ್ಡಲಾಗಿ ಹಿಡಿದರೆ ಸ್ಕ್ರೀನ್ ಮುದ್ರಣದ ಶಾಯಿ ಕಾಗದದ ಮೇಲೆ ಉಬ್ಬಿ ನಿಂತದ್ದು ಕಾಣುತ್ತದೆ. ಪುಸ್ತಕ ಕೈಗೆ ಬಂದ ಮೇಲೆ 10 ಪಟ್ಟಿನ ಭೂತಗನ್ನಡಿ ಸಾಕು. ಆಫ್‌ಸೆಟ್ ಆದರೆ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ. ಸ್ಕ್ರೀನ್ ಆದರೆ ಒಂದೇ ಹಾಸಿನ ಬಣ್ಣ, ಅಂಚಿನಲ್ಲಿ ಜಾಲರಿಯ ಹಲ್ಲು. ಅದೇ ಪ್ರಕಾಶಕರ ಎಲ್ಲ ಪುಸ್ತಕಗಳೂ ಕೈಮುದ್ರಣದವಲ್ಲ ಎಂಬುದು ನೆನಪಿರಲಿ. ಆಫ್‌ಸೆಟ್ ಪುಸ್ತಕವನ್ನು 'ಕೈಮುದ್ರಣ' ಎಂದು ಹೇಳಿ ಮಾರುವವರಿದ್ದಾರೆ.

ಬಣ್ಣಗಳು ಅರ್ಧ ಅಥವಾ ಒಂದು ಮಿಲಿಮೀಟರ್ ಜರುಗಿ ಕೂತಿದ್ದರೆ ಅದನ್ನು ದೋಷವೆಂದು ಎಣಿಸಬಾರದು, ಕೈಕೆಲಸದಲ್ಲಿ ಅಷ್ಟು ಇದ್ದೇ ಇರುತ್ತದೆ. ಎರಡು ಮೂರು ಮಿಲಿಮೀಟರ್ ಸರಿದು ಎಲೆಯ ಗೆರೆ ಕೊಂಬೆಯಿಂದ ಕಳಚಿಕೊಂಡಂತೆ ಕಂಡರೆ ಬೆಲೆ ಇಳಿಸಿ ಕೇಳಲು ಕಾರಣವಿದೆ. ಹೊಲಿಗೆಯ ದಾರ ಪುಟದ ನಡುವೆ ಸಡಿಲವಾಗಿದೆಯೇ, ಪುಟ ತಪ್ಪಿದೆಯೇ ಎಂದು ಒಂದೊಂದಾಗಿ ತಿರುವಿ ನೋಡುವುದು ಎಲ್ಲರಿಗೂ ಗೊತ್ತಿರುವುದೇ.

ಮಚ್ಚೆ ಏನು

ಕಪ್ಪು ಕಾಗದದ ಮೇಲೆ ಬಿಳಿ ಕಂಡರೆ ಮೂರು ಸಾಧ್ಯತೆ. ಮೊದಲನೆಯದು ಎದುರು ಪುಟದ ಶಾಯಿ ಒತ್ತಿ ಹತ್ತಿಕೊಂಡದ್ದು. ಇದನ್ನು ಗುರುತಿಸುವುದು ಸುಲಭ: ಮಚ್ಚೆಯ ಆಕಾರ ಎದುರು ಪುಟದ ಚಿತ್ರದ ಕನ್ನಡಿ ಬಿಂಬದಂತಿರುತ್ತದೆ. ಎರಡನೆಯದು ಸವೆತ, ಸಾಮಾನ್ಯವಾಗಿ ಹೊರ ಅಂಚು ಮತ್ತು ಮೂಲೆಯಲ್ಲಿ, ಬೆರಳು ತಗಲುವ ಕಡೆ. ಮೂರನೆಯದು ಬೂಷ್ಟು. ಅದಕ್ಕೆ ಚಿತ್ರದ ಆಕಾರದ ಹಂಗಿಲ್ಲ, ದುಂಡಗೆ ಹರಡುತ್ತದೆ. ಭೂತಗನ್ನಡಿಯಲ್ಲಿ ಸಣ್ಣ ನೂಲು ನೂಲಾಗಿ ಕಾಣುತ್ತದೆ, ಬೈಂಡಿಂಗಿನ ಒಳಮೂಲೆಯಲ್ಲಿ ಮತ್ತು ರಟ್ಟಿಗೆ ಗೋಂದು ಹಾಕಿದ ಕಡೆ ದಟ್ಟವಾಗಿರುತ್ತದೆ.

ಹೊಸ ಪ್ರತಿಯಲ್ಲಿದ್ದದ್ದು ಬರಿಯ ಬೂಷ್ಟು. ಜುಲೈಯಲ್ಲಿ ಬಂದ ಪ್ರತಿಯಲ್ಲಿ ಎರಡೂ ಇದ್ದವು: ರಟ್ಟಿನೊಳಗೆ ಬೂಷ್ಟು, ನಡುವಿನ ನಾಲ್ಕು ಪುಟಗಳಲ್ಲಿ ಶಾಯಿ ಹತ್ತಿಕೊಂಡ ಗುರುತು. ಶಾಯಿ ಹತ್ತಿದ್ದಕ್ಕೆ ಕಾರಣ ಪಾರ್ಸೆಲ್. ಪುಸ್ತಕವನ್ನು ನೇರವಾಗಿ ಬಬಲ್ ರ‍್ಯಾಪ್‌ನಲ್ಲಿ ಸುತ್ತಿ ಟೇಪ್ ಬಿಗಿದು ಕಳಿಸಿದ್ದರು. ಮಳೆಗಾಲದ ತೇವ, ಮೇಲಿನ ಒತ್ತಡ ಎರಡೂ ಸೇರಿ ದಪ್ಪ ಶಾಯಿ ಎದುರು ಪುಟಕ್ಕೆ ಅಂಟಿತು, ರಟ್ಟಿನ ಮೇಲೂ ಗುಳ್ಳೆಗಳ ಉಂಗುರ ಮೂಡಿತು. ಮುದ್ರಿತ ಮೇಲ್ಮೈಗೆ ಬಬಲ್ ರ‍್ಯಾಪ್ ತಾಗಲೇಬಾರದು. ಮೊದಲು ಆಮ್ಲರಹಿತ ತೆಳು ಟಿಶ್ಯೂ, ಮೇಲೆ ಪಾಲಿಥೀನ್ ಚೀಲ, ಎರಡೂ ಬದಿಗೆ ಪುಸ್ತಕಕ್ಕಿಂತ 2 ಸೆಂ.ಮೀ. ದೊಡ್ಡದಾದ ರಟ್ಟಿನ ಹಾಳೆ, ಆಮೇಲೆ ಬಬಲ್ ರ‍್ಯಾಪ್, ಕೊನೆಗೆ ಸುತ್ತಲೂ 4 ರಿಂದ 5 ಸೆಂ.ಮೀ. ಮೆತ್ತೆಯಿರುವ ಪೆಟ್ಟಿಗೆ. ಇದನ್ನು ಹಣ ಕಳಿಸುವ ಮೊದಲೇ ಬರೆದು ತಿಳಿಸಬೇಕು.

ಶಾಯಿ ಹತ್ತಿಕೊಂಡದ್ದನ್ನು ಮನೆಯಲ್ಲಿ ತೆಗೆಯಲು ಆಗದು. ಸ್ಪಿರಿಟ್ ಮುಟ್ಟಿಸಿದರೆ ಶಾಯಿ ಕರಗೀತು, ನೀರು ಮುಟ್ಟಿಸಿದರೆ ಕಾಗದದ ಕಪ್ಪು ಬಿಟ್ಟೀತು, ರಬ್ಬರ್ ಉಜ್ಜಿದರೆ ಕೈಕಾಗದದ ನಾರು ಎದ್ದು ಮಚ್ಚೆ ಇನ್ನೂ ಬೆಳ್ಳಗಾಗುತ್ತದೆ. ಹಾಗೆಯೇ ಬಿಟ್ಟು, ಪುಸ್ತಕದ ದಾಖಲೆಯಲ್ಲಿ ಬರೆದಿಡುವುದು ಒಳ್ಳೆಯದು.

ಬೂಷ್ಟು ತೆಗೆದದ್ದು ಹೀಗೆ. ಎರಡೂ ಪ್ರತಿಗಳನ್ನು ಬೇರೆ ಬೇರೆ ಪಾಲಿಥೀನ್ ಚೀಲಕ್ಕೆ ಹಾಕಿ ಉಳಿದ 12 ಪುಸ್ತಕಗಳಿಂದ ದೂರವಿಟ್ಟರು. ಎ.ಸಿ. ಇರುವ ಕೋಣೆಯಲ್ಲಿ, ಡ್ರೈ ಮೋಡ್‌ನಲ್ಲಿ, ತೇವಾಂಶ 50 ಶೇಕಡದ ಆಸುಪಾಸಿಗೆ ಇಳಿದ ಮೇಲೆ ಚೀಲದಿಂದ ತೆಗೆದು, ಪುಟ ಬಿಚ್ಚಿ ಬೀಸಣಿಗೆಯಂತೆ ನಿಲ್ಲಿಸಿ ಮೂರು ದಿನ ಬಿಟ್ಟರು. ಫ್ಯಾನಿನ ಗಾಳಿ ನೇರವಾಗಿ ಪುಸ್ತಕಕ್ಕಲ್ಲ, ಗೋಡೆಗೆ. ಒಣಗುವ ಮೊದಲೇ ಕೈ ಹಾಕಿದರೆ ಬೂಷ್ಟು ಮೆತ್ತಗೆ ಸವರಿಕೊಂಡು ನಾರಿನೊಳಗೆ ಇಳಿಯುತ್ತದೆ. ಒಣಗಿ ಪುಡಿಯಾದ ಮೇಲೆ ಮುಖಕ್ಕೆ ಎನ್-95 ಮಾಸ್ಕ್ ಹಾಕಿ, ಹೊರಗೆ ನೆರಳಿನಲ್ಲಿ, ಮೃದುವಾದ ಅಗಲ ಬ್ರಷ್‌ನಿಂದ ಒಳಮೂಲೆಯಿಂದ ಹೊರ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಗುಡಿಸಬೇಕು. ಮಳೆ ಬಿಟ್ಟ ದಿನವನ್ನೇ ಆರಿಸಿಕೊಂಡು ಬೇಗ ಮುಗಿಸಬೇಕು, ಇಲ್ಲದಿದ್ದರೆ ಒಣಗಿದ ಹಾಳೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಬ್ರಷ್ಷನ್ನು ಬೇರೆ ಪುಸ್ತಕಕ್ಕೆ ಬಳಸುವಂತಿಲ್ಲ.

ಬಿಸಿಲಿಗೆ ಇಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಹಪ್ಪಳಕ್ಕೆ ಸರಿ, ಇಲ್ಲಿ ಬೇಡ. ಕಪ್ಪು ಬಣ್ಣ ಮಾಸುತ್ತದೆ, ರಟ್ಟು ಒಂದು ಬದಿ ಬೇಗ ಒಣಗಿ ದೋಣಿಯಂತೆ ಬಾಗುತ್ತದೆ. ಕಪಾಟಿನಲ್ಲಿ ಡಾಂಬರು ಗುಳಿಗೆಯೂ ಇತ್ತು. ಅದು ಹುಳವನ್ನು ಒಂದಷ್ಟು ದೂರವಿಡಬಹುದು, ಬೂಷ್ಟನ್ನು ಅಲ್ಲ. ಹುಳದ ಅನುಮಾನ ಬಂದರೆ ಪುಸ್ತಕವನ್ನು ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚದೆ ಬಿಡುವುದು ಉತ್ತಮ. ಬೇಗ ಬಿಚ್ಚಿದರೆ ತಣ್ಣನೆ ರಟ್ಟಿನ ಮೇಲೆ ಹನಿ ಕೂರುತ್ತದೆ.

ಸಿಲಿಕಾ ಜೆಲ್ ಯಾಕೆ ಸೋತಿತು

ಶಿಕ್ಷಕರು ಏನೂ ಮಾಡದೆ ಕೂತವರಲ್ಲ. ಜೂನ್‌ನಲ್ಲೇ ಪುಸ್ತಕಗಳನ್ನು ರಬ್ಬರ್ ಅಂಚಿನ ಮುಚ್ಚಳವಿರುವ 40 ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಚಪ್ಪಲಿ ಡಬ್ಬಿಗಳಲ್ಲಿ ಬರುವಂಥ ತೇವ ಹೀರುವ ಸಿಲಿಕಾ ಜೆಲ್‌ನ 5 ಗ್ರಾಂ ಪೊಟ್ಟಣಗಳನ್ನು ಹತ್ತು ಹಾಕಿದ್ದರು. ಡಬ್ಬಿಯಲ್ಲಿ ತೇವಾಂಶ ಇಳಿಯಲೇ ಇಲ್ಲ, ಆಗ ಬೇಸತ್ತು ಮತ್ತೆ ಕಪಾಟಿಗೆ ಸಾಗಿಸಿದರು.

ಲೆಕ್ಕ ಸರಳ. ಡಬ್ಬಿಯೊಳಗಿನ ಗಾಳಿಯಲ್ಲಿರುವ ನೀರು ಲೆಕ್ಕಕ್ಕೇ ಇಲ್ಲದಷ್ಟು. ನೀರೆಲ್ಲ ಕಾಗದದಲ್ಲಿದೆ. ಮಳೆಗಾಲದ 85 ಶೇಕಡ ತೇವದಲ್ಲಿ ನೆನೆದ 6 ಕೆ.ಜಿ. ಪುಸ್ತಕವನ್ನು 50 ಶೇಕಡಕ್ಕೆ ತರಬೇಕಾದರೆ ಸುಮಾರು ಕಾಲು ಕೆ.ಜಿ. ನೀರು ಹೊರಬರಬೇಕು. ಆ ಮಟ್ಟದಲ್ಲಿ ಜೆಲ್ ಹಿಡಿಯುವುದು ತನ್ನ ತೂಕದ ಕಾಲು ಭಾಗದಷ್ಟನ್ನು. ಅಂದರೆ ಬೇಕಾದ್ದು ಒಂದು ಕೆ.ಜಿ., ಹಾಕಿದ್ದು 50 ಗ್ರಾಂ. ಮೊದಲು ಎ.ಸಿ. ಕೋಣೆಯಲ್ಲಿ ಪುಸ್ತಕವನ್ನೇ ಒಣಗಿಸಿ, ಆಮೇಲೆ ಡಬ್ಬಿ ಮುಚ್ಚಿದರೆ ಜೆಲ್‌ಗೆ ಉಳಿಯುವ ಕೆಲಸ ಹೊರಗಿನಿಂದ ನುಸುಳುವ ತೇವವನ್ನು ತಡೆಯುವುದಷ್ಟೇ. ಈಗ ಎರಡು ಡಬ್ಬಿಗಳಲ್ಲಿ ತಲಾ 400 ಗ್ರಾಂ ಕಿತ್ತಳೆ ಬಣ್ಣದ ಜೆಲ್ ಬಟ್ಟೆ ಚೀಲದಲ್ಲಿದೆ. ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಓವನ್‌ನಲ್ಲಿಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆ ಓವನ್‌ಗೆ ಅದು ಸಲ್ಲದು. ಜೆಲ್ ಅತಿಯಾದರೂ ತೊಂದರೆಯೇ: 35 ಶೇಕಡಕ್ಕಿಂತ ಇಳಿದರೆ ರಟ್ಟು ಬಾಗುತ್ತದೆ, ಗೋಂದು ಬಿರಿಯುತ್ತದೆ. ಗುರಿ 45ರಿಂದ 55.

ಇದಕ್ಕೆಲ್ಲ ತೇವಮಾಪಕ ಬೇಕು, ಅಗ್ಗದ ಡಿಜಿಟಲ್ ಮಾಪಕಗಳು ಐದಾರು ಅಂಕ ತಪ್ಪು ತೋರಿಸುವುದು ಸಾಮಾನ್ಯ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಕೆಸರಿನ ಹದಕ್ಕೆ ತಂದು, ಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. 75 ತೋರಿಸಬೇಕು. 80 ತೋರಿಸಿದರೆ ಮುಂದಿನ ಓದುಗಳಲ್ಲಿ 5 ಕಳೆಯಿರಿ.

ಡಬ್ಬಿಯ ಮೇಲೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಂಬ ಗುರುತಿರಲಿ. ಪುಸ್ತಕಕ್ಕೆ ಶಾಲೆಯ ಪುಸ್ತಕದ ಹಾಗೆ ಕಂದು ಕಾಗದದ ಬೈಂಡ್ ಹಾಕುವುದು ಬೇಡ, ಅದರ ಆಮ್ಲ ರಟ್ಟಿಗೆ ಇಳಿಯುತ್ತದೆ. ಪಿವಿಸಿ ಹೊದಿಕೆಯಂತೂ ಬೇಡವೇ ಬೇಡ, ಅದರಿಂದ ಒಸರುವ ಎಣ್ಣೆಯಂಥ ಪದಾರ್ಥ ಶಾಯಿಯನ್ನು ಮೆತ್ತಗಾಗಿಸಿ ಹೊದಿಕೆಗೇ ಅಂಟಿಸಿಬಿಡುತ್ತದೆ. ಪಾಲಿಯೆಸ್ಟರ್ ಹಾಳೆಯನ್ನು ಗೋಂದಿಲ್ಲದೆ ಮಡಚಿ ಹಾಕಬಹುದು. ಶಾಯಿ ದಪ್ಪವಾಗಿರುವ ಪುಟಗಳ ನಡುವೆ ಮಾತ್ರ ತೆಳು ಟಿಶ್ಯೂ. ಎಲ್ಲ ಪುಟಕ್ಕೂ ಹಾಕಿದರೆ ಪುಸ್ತಕ ಉಬ್ಬಿ ಹೊಲಿಗೆ ಎಳೆಯುತ್ತದೆ. ಅಡ್ಡಲಾಗಿ ಮಲಗಿಸಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚಿಲ್ಲದಂತೆ.

ಹಣ ಮತ್ತು ಕೊಳ್ಳುವ ಕ್ರಮ

ದುಬಾರಿ ಪ್ರತಿಯ ವಿಷಯದಲ್ಲಿ ಶಿಕ್ಷಕರು ಮುದ್ರಣ ವಿವರದ ಪುಟದ ಫೋಟೊ ಕಳಿಸಿ, 'ಸರ್, ಇದು ಮೊದಲ ಮುದ್ರಣ ಅಲ್ಲ, ಹೊದಿಕೆಯೂ ಪಟ್ಟಿಯಲ್ಲಿ ತೋರಿಸಿದ್ದಲ್ಲ. ವಾಪಸ್ ತಗೊಳ್ತೀರಾ, ಇಲ್ಲಾ ಬೆಲೆ ಸರಿ ಮಾಡ್ತೀರಾ?' ಎಂದು ಕೇಳಿದರು. ಮಾರಾಟಗಾರರು ಅರ್ಧಕ್ಕಿಂತ ಹೆಚ್ಚು ಹಣ ಹಿಂದಿರುಗಿಸಿದರು. ಪ್ರತಿ ಇವರಲ್ಲೇ ಉಳಿಯಿತು. ಬೇರೆ ಹೊದಿಕೆಯ ಬೇರೆ ಮುದ್ರಣವಾದ್ದರಿಂದ ಮೊದಲಿನ ಪ್ರತಿಯ ಪಕ್ಕದಲ್ಲಿ ಅದಕ್ಕೂ ಸ್ಥಾನವಿದೆ. ಆ ಎರಡನ್ನೂ ಒಟ್ಟಿಗೆ ಬಿಚ್ಚಿದಾಗ ಒಂದೇ ಮರದ ಎರಡು ಹಸಿರು ಕಾಣುವುದು ಮೊದಲ ಮುದ್ರಣದ ಮೋಹಕ್ಕಿಂತ ರುಚಿಯಾದದ್ದು ಎಂದು ನಮ್ಮ ಎಣಿಕೆ.

30 ಸಾವಿರವನ್ನು ಹಂಚುವಾಗ ಹಳೆ ಪ್ರತಿಗಳ ಬೆನ್ನು ಹತ್ತುವುದನ್ನು ಕೊನೆಗೆ ಇಡಲು ಹೇಳಿದೆವು. ಮೊದಲು, ಈಗಲೂ ಮುದ್ರಿತ ಬೆಲೆಗೇ ಸಿಗುವ ಆದರೆ ಪ್ರಕಾಶಕರ ಪಟ್ಟಿಯಲ್ಲಿ ಪ್ರತಿಗಳು ಕಡಿಮೆಯಾಗುತ್ತಿರುವ ಶೀರ್ಷಿಕೆಗಳು. ರಾಮ್‌ಭರೋಸ್ ಝಾ ಅವರ ಬಿಹಾರದ ಮಿಥಿಲಾ ಚಿತ್ರಶೈಲಿಯ 'ವಾಟರ್‌ಲೈಫ್' ತರಹದವನ್ನು ಹೊಸದಾಗಿ ಸಿಗುವಾಗಲೇ ಹಿಡಿಯುವುದು ಲಾಭ. ಎರಡನೆಯದು, ಬೇರೆ ದೇಶದ ಪ್ರಕಾಶಕರಿಗಾಗಿ ಚೆನ್ನೈನಲ್ಲೇ ಅಚ್ಚಾದ ಸಹ-ಆವೃತ್ತಿಗಳು. ಫ್ರೆಂಚ್‌ನಲ್ಲಿ, ಜಪಾನೀ ಭಾಷೆಯಲ್ಲಿ ಈ ಮರಗಳ ಪುಸ್ತಕ ಇದೆ. ಹಣ ಉಳಿದರೆ ಮಾತ್ರ ಮೊದಲ ಮುದ್ರಣ, ಅದೂ ನಾಲ್ಕು ಫೋಟೊ ನೋಡಿದ ಮೇಲೆ. ಬೆಲೆ ಗೊತ್ತು ಮಾಡುವಾಗ ಮಾರಾಟಗಾರರು ಕೇಳುವ ಬೆಲೆ ಅಲ್ಲ, ಮಾರಾಟವಾಗಿ ಮುಗಿದ ಪ್ರತಿಗಳ ಬೆಲೆ ನೋಡಬೇಕು. ಹೊಸ ಪ್ರತಿ ಅಂಗಡಿಯಲ್ಲಿದೆ ಎಂದಾದರೆ ಮರುಮುದ್ರಣದ ಹಳೆ ಪ್ರತಿಗೆ ಅದಕ್ಕಿಂತ ಹೆಚ್ಚು ಕೊಡಲು ಕಾರಣವೇ ಇಲ್ಲ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳ ಮಕ್ಕಳ ವಿಭಾಗವನ್ನೂ ಬಿಡಬಾರದು. ಇಂಥ ಪುಸ್ತಕಗಳನ್ನು ಕಲೆಯ ಕಪಾಟಿನ ಬದಲು ಮಕ್ಕಳ ಕಪಾಟಿನಲ್ಲಿ ಇಟ್ಟಿರುತ್ತಾರೆ, ಬೆಲೆಯೂ ಅದಕ್ಕೆ ತಕ್ಕಂತೆ.

ಮಂಗಳೂರಿಗೆ ಒಂದು ಹೆಚ್ಚುವರಿ ನಿಯಮ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ತರಿಸದಿರುವುದು. ಹಣ ಕೊಟ್ಟು, ಅಕ್ಟೋಬರ್ ಕೊನೆಗೆ ಕಳಿಸಿ ಎಂದರೆ ಪ್ರಕಾಶಕರೂ ಅಂಗಡಿಯವರೂ ಸಾಮಾನ್ಯವಾಗಿ ಒಪ್ಪುತ್ತಾರೆ. ಶಿಕ್ಷಕರ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಪುಸ್ತಕಕ್ಕೂ ಒಂದು ಪುಟವಿದೆ: ಮುದ್ರಣ, ವರ್ಷ, ಪ್ರತಿ ಸಂಖ್ಯೆ, ಹೊದಿಕೆಯ ಮರ, ಕೊಟ್ಟ ಬೆಲೆ, ಬಂದಾಗಲೇ ಇದ್ದ ಮಚ್ಚೆಗಳು, ಡಬ್ಬಿಯ ಸಂಖ್ಯೆ. ಮರುಮುದ್ರಣದ ಬಗ್ಗೆ ಪ್ರಕಾಶಕರಿಗೆ ಇಮೇಲ್ ಹಾಕಿದ ದಿನಾಂಕಕ್ಕೂ ಅದರಲ್ಲಿ ಒಂದು ಸಾಲು ಬಿಟ್ಟಿದ್ದಾರೆ.